ಏಳನೆಯ ಬುರುಡೆ

ಆ ಸಂಶೋಧನಾಲಯದಲ್ಲಿ ಅವರಿಗೆ ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಬುರುಡೆ ಮೇಡಂ. ಹೆಸರು ಬಂದ ದಾರಿ ದೊಡ್ಡದೇನಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಉದ್ದ ಕತ್ತಿನ, ದುಂಡು ಹೊಟ್ಟೆಯ ಗಾಜಿನ ಪಾತ್ರೆಗಳಲ್ಲಿ. ಸಾಮಾನಿನ ಪಟ್ಟಿಯಲ್ಲಿ ಅವಕ್ಕೆ ಬೇರೆ ಏನೋ ಗಂಭೀರವಾದ ಹೆಸರಿತ್ತು. ಆದರೆ ಅವನ್ನು ಬೆಂಕಿಯಲ್ಲಿ ಕಾಯಿಸಿ ಊದಿ ಮಾಡಿಕೊಡುತ್ತಿದ್ದ ಗಾಜಿನ ಕೆಲಸಗಾರ ಮೊದಲ ದಿನವೇ ಬುರುಡೆ ಎಂದರು, ಅದೇ ನಿಂತಿತು. ಬುರುಡೆ ಬಿಡುವುದು ಎಂದರೆ ಇಲ್ಲದ್ದನ್ನು ಇದೆ ಎಂದು ಹೇಳುವುದೂ ಹೌದಲ್ಲ? ಜೀವ ಮೊದಲು ಹೇಗೆ ಹುಟ್ಟಿತು ಎಂದು ಮೂವತ್ತನಾಲ್ಕು ವರ್ಷ ಹುಡುಕಿ ಒಂದನ್ನೂ ಹುಟ್ಟಿಸದ ಹೆಂಗಸಿಗೆ ಈ ಹೆಸರು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮೇಡಂಗೆ ಇದೆಲ್ಲ ಗೊತ್ತಿತ್ತು, ಬೇಸರವಿರಲಿಲ್ಲ. ಅವರು ಜೀವಮಾನದಲ್ಲಿ ಒಂದು ಬುರುಡೆಯನ್ನೂ ಬಿಟ್ಟವರಲ್ಲ. ಬರಲಿಲ್ಲ ಎಂದರೆ ಬರಲಿಲ್ಲ ಎಂದೇ ಬರೆದವರು. ಮೂವತ್ತನಾಲ್ಕು ವರ್ಷದ ದಪ್ಪ ದಪ್ಪ ಪುಸ್ತಕಗಳ ತುಂಬ ಬಹುಮಟ್ಟಿಗೆ ಅದೇ ಬರಹವಿತ್ತು.

ಈ ಕೆಲಸದ ತಮಾಷೆ ನೋಡಿ. ಭೂಮಿಯ ಮೇಲೆ ಒಂದು ಹುಳವೂ ಇಲ್ಲದ ಕಾಲದಲ್ಲಿ ಬರೀ ನೀರು, ಮಣ್ಣು, ಗಾಳಿ, ಬಿಸಿಲು ಸೇರಿ ಜೀವದ ಸಾಮಾನು ಹೇಗೆ ತಯಾರಾಯಿತು ಎಂದು ತಿಳಿಯಬೇಕು. ಅದಕ್ಕೆ ಮೊದಲು ಜೀವವೇ ಇಲ್ಲದ ಒಂದು ಜಾಗ ಬೇಕು. ಈಗ ಅಂಥ ಜಾಗ ಎಲ್ಲಿಂದ ತರುವುದು? ನಮ್ಮ ಬೆರಳು ತಾಗಿದರೆ ಸಾಕು, ಬೆವರಿನ ಜೊತೆ ಜೀವದ ಸಾಮಾನು ಗಾಜಿಗೆ ಅಂಟುತ್ತದೆ. ಒಂದು ಸೀನು, ಒಂದು ಕೂದಲು, ಒಂದು ನಿಟ್ಟುಸಿರು ಬಿದ್ದರೂ ಕೆಲಸ ಕೆಟ್ಟಿತು. ಅದಕ್ಕೇ ಪ್ರತಿಯೊಂದು ಬುರುಡೆಯನ್ನೂ ಕುಲುಮೆಯಲ್ಲಿಟ್ಟು ಐನೂರು ಡಿಗ್ರಿಯಲ್ಲಿ ಆರು ಗಂಟೆ ಸುಡಬೇಕು. ಸುಟ್ಟ ಮೇಲೆ ಮೇಡಂ ತಮ್ಮ ಕೈಯಾರೆ ಸೀಸದ ಕಡ್ಡಿಯಲ್ಲಿ ಚೀಟಿ ಬರೆದು ಕತ್ತಿಗೆ ಕಟ್ಟುತ್ತಿದ್ದರು: ಸುಟ್ಟಿದೆ. ಆ ಚೀಟಿ ಇಲ್ಲದ ಬುರುಡೆಯನ್ನು ಅವರು ಮುಟ್ಟುತ್ತಿರಲಿಲ್ಲ.

ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಒಂದರ ಮೇಲೊಂದು ಎರಡು ಗವಸು. ನೆಲಮಾಳಿಗೆಯ ಆ ಕೋಣೆಗೆ ಬೇರೆ ಯಾರೂ ಬರುವ ಹಾಗಿರಲಿಲ್ಲ, ಬಂದರೂ ಮಾತಾಡುವ ಹಾಗಿರಲಿಲ್ಲ. ಮನುಷ್ಯರನ್ನು ದೂರವಿಡುವುದನ್ನೇ ಕಸುಬು ಮಾಡಿಕೊಂಡವರಿಗೆ ಅದು ಮನೆಯಲ್ಲೂ ಬಿಡುವುದಿಲ್ಲ. ಅವರ ಮನೆಯಲ್ಲಿ ಊಟದ ಮೇಜಿಗೆ ಒಂದೇ ಕುರ್ಚಿ, ಒಲೆಯ ಪಕ್ಕ ಒಂದೇ ಲೋಟ. ಮದುವೆ ಆಗಬಾರದು ಎಂದೇನೂ ಇರಲಿಲ್ಲ. ಈ ಪ್ರಯೋಗ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು. ಪ್ರಯೋಗ ಮುಗಿಯಲಿಲ್ಲ, ನೋಡಲು ಬರುವವರು ನಿಂತರು. ಒಮ್ಮೆ ತಂಗಿಯ ಮಗು ಬಂದು ಹೋದ ಮೇಲೆ ಕಿಟಕಿಯ ಗಾಜಿನ ಮೇಲೆ ಐದು ಪುಟ್ಟ ಬೆರಳಿನ ಗುರುತು ಉಳಿದಿತ್ತು. ಒರೆಸಲು ಬಟ್ಟೆ ಹಿಡಿದು ಹೋದವರು ಸುಮ್ಮನೆ ನಿಂತು ವಾಪಸು ಬಂದರು. ಹದಿನೈದು ದಿನ ಆ ಗಾಜು ಹಾಗೇ ಇತ್ತು.

ತಂಗಿ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ಊಟ, ಮಂಡಿ ನೋವು, ಮಕ್ಕಳ ಓದು ಎಲ್ಲ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: “ಅಕ್ಕ, ಇನ್ನೂ ಹುಟ್ಟಲಿಲ್ವಾ?” ತಂಗಿ ಬಸುರಿಯಾಗಿದ್ದಾಗ ಅಮ್ಮ ಶುರು ಮಾಡಿದ ತಮಾಷೆ ಅದು. ಚಿಕ್ಕವಳಿಗೆ ಒಂಬತ್ತು ತಿಂಗಳು ಸಾಕು, ದೊಡ್ಡವಳ ಬುರುಡೆಗೆ ಇನ್ನೂ ಎಷ್ಟು ತಿಂಗಳು ಬೇಕೋ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮೇಡಂ ಕೂಡ ನಗುತ್ತಿದ್ದರು. ಅಮ್ಮ ಹೋದ ಮೇಲೂ ತಂಗಿ ಅದನ್ನು ಬಿಡಲಿಲ್ಲ, ಇವರೂ ಇನ್ನೂ ಇಲ್ಲ ಕಣೇ ಎಂದು ಹೇಳುವುದನ್ನು ಬಿಡಲಿಲ್ಲ.

ಇನ್ನು ಆ ಗಾಜಿನ ಕೆಲಸಗಾರ. ದಿನವಿಡೀ ಊದುವುದೇ ಕೆಲಸವಾದ್ದರಿಂದ ಅವರು ಎಲ್ಲರ ಬಾಯಲ್ಲೂ ಊದಪ್ಪ. ಮೇಡಂಗಿಂತ ಒಂಬತ್ತು ವರ್ಷ ದೊಡ್ಡವರು, ಒಂದು ಕಿವಿ ಮಂದ, ಬೆಂಕಿಯ ಮುಂದೆ ಕೂತೂ ಕೂತೂ ಮುಖ ಸದಾ ಕೆಂಪು. ನೆಲಮಾಳಿಗೆಯಲ್ಲೇ, ಮೇಡಂ ಕೋಣೆಗೆ ನಾಲ್ಕು ಹೆಜ್ಜೆ ದೂರದಲ್ಲಿ ಅವರ ಕಾರ್ಖಾನೆ. ದಿನಾ ಹನ್ನೊಂದು ಗಂಟೆಗೆ ಮೇಡಂ ಗವಸು ಬಿಚ್ಚಿ, ಟೋಪಿ ತೆಗೆದು ಅಲ್ಲಿಗೆ ಹೋಗಿ ಮೊಂಡು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಮಾತು ಹೆಚ್ಚಿರಲಿಲ್ಲ. ಗಾಜಿನ ಕೊಳವೆ ಬೆಂಕಿಯಲ್ಲಿ ಮೆತ್ತಗಾಗುವುದನ್ನೂ ಊದಪ್ಪ ಕೆನ್ನೆ ಉಬ್ಬಿಸಿ ಊದಿದಾಗ ಅದರ ಹೊಟ್ಟೆ ದುಂಡಗಾಗುವುದನ್ನೂ ನೋಡುತ್ತಾ ಲೋಟ ಖಾಲಿ ಮಾಡುವುದು, ಎದ್ದು ಬರುವುದು. ಇಡೀ ದಿನದಲ್ಲಿ ಅವರು ಇನ್ನೊಬ್ಬರ ಜೊತೆ ಕಳೆಯುತ್ತಿದ್ದ ಹೊತ್ತು ಅದೊಂದೇ.

ಹೊಸ ಬುರುಡೆ ಕೈಗೆ ಕೊಡುವಾಗಲೆಲ್ಲ ಊದಪ್ಪ ಒಂದೇ ಮಾತು ಹೇಳುತ್ತಿದ್ದರು. “ತಗೊಳ್ಳಿ ಮೇಡಂ. ನನ್ನ ಎಂಜಲನ್ನ ಚೆನ್ನಾಗಿ ಸುಡಿ. ಅದು ಬೂದಿಯಾದ ಮೇಲೇ ಅಲ್ವಾ ನಿಮ್ಮ ಸೃಷ್ಟಿ ಶುರುವಾಗೋದು?”

ಸುಟ್ಟ ಮೇಲೆ ಅವರ ಬಾಯಿಗೆ ಅಲ್ಲಿ ಕೆಲಸವಿರಲಿಲ್ಲ. ಬುರುಡೆಯ ಒಳಗೆ ಸಾಮಾನು ತುಂಬಿದ ಮೇಲೆ ಕತ್ತನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚಬೇಕಿತ್ತು. ಅದನ್ನೂ ಊದಪ್ಪನೇ ಮಾಡಬೇಕು. ಆಗ ಗಾಜನ್ನು ಊದಬೇಕಾಗಿ ಬಂದರೆ ಪಕ್ಕದಲ್ಲಿರುವ ಒಣ ಗಾಳಿಯ ಸಿಲಿಂಡರಿನ ಕೊಳವೆ ಹಚ್ಚಬೇಕು, ಬಾಯಿ ಹಚ್ಚಕೂಡದು. ಇದು ಆ ಕೋಣೆಯ ಮೊದಲನೆಯ ನಿಯಮ, ಗೋಡೆಯ ಮೇಲೆ ಬರೆದು ಅಂಟಿಸಿತ್ತು.

ಹನ್ನೊಂದು ವರ್ಷದ ಹಿಂದೆ ಮೇಡಂ ತಮ್ಮ ಆಯುಸ್ಸಿನ ದೊಡ್ಡ ಪ್ರಯೋಗಕ್ಕೆ ಕೈ ಹಾಕಿದರು. ಜೀವಿಗಳ ಮೈ ಕಟ್ಟುವ ಸಾಮಾನುಗಳಲ್ಲಿ ಅಮೈನೋ ಆಮ್ಲಗಳು ಮುಖ್ಯ. ಅವುಗಳಲ್ಲಿ ಹೆಚ್ಚಿನವಕ್ಕೆ ಎರಡು ರೂಪ, ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಜೀವವಿಲ್ಲದ ಕಡೆ ತಾವಾಗಿ ಹುಟ್ಟಿದರೆ ಎರಡೂ ಸಮಸಮ ಹುಟ್ಟುತ್ತವೆ. ಆದರೆ ಹುಲ್ಲಿನಿಂದ ಆನೆಯವರೆಗೆ ಯಾವ ಜೀವದ ಮೈ ಕಟ್ಟಿರುವುದನ್ನು ನೋಡಿದರೂ ಎಡವೇ ಎಡ. ಆರಿಸಿದ್ದು ಯಾರು? ಒಂದು ಜಾತಿಯ ಬೂದು ಬಣ್ಣದ ಜೇಡಿಮಣ್ಣು ಆರಿಸಿತು ಎಂದು ಮೇಡಂ ನಂಬಿಕೆ. ಆ ಮಣ್ಣು ಕೊರೆದು ತೆಗೆದ ಆಳದಿಂದ ಬಂದದ್ದು, ಎಂಟು ಬುರುಡೆಗೆ ಸಾಲುವಷ್ಟೇ ಇತ್ತು. ಎಂಟನ್ನೂ ಸುಟ್ಟರು, ಚೀಟಿ ಕಟ್ಟಿದರು, ಮಣ್ಣು ನೀರು ತುಂಬಿದರು. ಹಗಲು ಬಿಸಿ, ರಾತ್ರಿ ತಣ್ಣಗೆ ಆಗುವ ಮರಳಿನ ಹಾಸಿಗೆಯ ಮೇಲೆ ಹತ್ತಾರು ವರ್ಷ ಅವನ್ನು ಹಾಗೇ ಬಿಡುವುದು. ಉಳಿದದ್ದು ಬಾಯಿ ಮುಚ್ಚುವ ಕೆಲಸ ಮಾತ್ರ. ಅಷ್ಟರಲ್ಲಿ ಮಧ್ಯಾಹ್ನ ತಂಗಿಯ ಫೋನ್ ಬಂತು. ಅಮ್ಮ ಹೋಗಿಬಿಟ್ಟರು.

ಮೇಡಂ ಟೋಪಿ ತೆಗೆದು ಊದಪ್ಪನ ಬಾಗಿಲಲ್ಲಿ ನಿಂತು, ಎಂಟನ್ನೂ ನೀವೇ ಮುಚ್ಚಿಬಿಡಿ, ನನಗೆ ಕಾಯಬೇಡಿ ಎಂದು ಹೇಳಿ ಹೊರಟರು. ನಾಲ್ಕು ದಿನ ಬಿಟ್ಟು ಬಂದಾಗ ಎಂಟು ಬುರುಡೆಗಳೂ ಮರಳಿನ ಮೇಲೆ ಸಾಲಾಗಿ ಕೂತಿದ್ದವು. ಊದಪ್ಪ ಅಂದು ಎಂಜಲಿನ ತಮಾಷೆ ಮಾಡಲಿಲ್ಲ. ಸಾವಿನ ಮನೆಯಿಂದ ಬಂದವರ ಮುಂದೆ ತಮಾಷೆ ಬೇಡವೆಂದು ಸುಮ್ಮನಿದ್ದಾರೆ ಎಂದುಕೊಂಡ ಮೇಡಂಗೆ ಅವರ ಮೇಲೆ ವಿಶ್ವಾಸ ಇನ್ನಷ್ಟು ಹೆಚ್ಚಿತು.

ಎರಡು ವರ್ಷದ ಮೇಲೆ ಊದಪ್ಪ ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಬುರುಡೆಗಳು ಪೆಟ್ಟಿಗೆಯಲ್ಲಿ ತಯಾರಾಗಿ ಬರತೊಡಗಿದವು. ಹನ್ನೊಂದು ಗಂಟೆಯ ಟೀಯನ್ನು ಮೇಡಂ ಒಬ್ಬರೇ ಮೆಟ್ಟಿಲ ಮೇಲೆ ನಿಂತು ಕುಡಿದರು. ಒಂದು ಸಲ ನೋಡಿಕೊಂಡು ಬರಬೇಕು ಎಂದು ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದರು. ಹೀಗೆ ಒಂಬತ್ತು ವರ್ಷ ಅಂದುಕೊಂಡರು. ಹೋಗಲಿಲ್ಲ.

ಈಗ ಅವರೇ ನಿವೃತ್ತರಾಗಲು ಒಂದು ತಿಂಗಳು ಉಳಿದಿತ್ತು. ನಿರ್ದೇಶಕ ಕರೆದು ಮಾತಾಡಿದ. ಹಿಂದೊಂದು ಕಾಲಕ್ಕೆ ಇವರ ಕೈಕೆಳಗೇ ಕಲಿತವನು. ಗೌರವಕ್ಕೆ ಕೊರತೆ ಮಾಡದೆಯೇ ವಿಷಯ ಹೇಳಿದ: ಏನಾದರೂ ಫಲಿತಾಂಶ ಬಂದರೆ ನೆಲಮಾಳಿಗೆಯ ಪ್ರಯೋಗಾಲಯ ಉಳಿಯುತ್ತದೆ, ಮುಂದಿನವರು ನಡೆಸಿಕೊಂಡು ಹೋಗುತ್ತಾರೆ. ಬರದಿದ್ದರೆ ಆ ಜಾಗ ಹಳೆಯ ಕುರ್ಚಿ ಮೇಜು ತುಂಬಲು ಬೇಕಾಗಿದೆ. ಮೇಡಂ ವಾದ ಮಾಡಲಿಲ್ಲ. ಮರುದಿನವೇ ಎಂಟು ಬುರುಡೆಗಳ ಕತ್ತು ಮುರಿದು, ಒಳಗಿನ ನೀರನ್ನು ಅಳೆಯುವ ಯಂತ್ರದ ಕೋಣೆಗೆ ಕಳಿಸಿದರು.

ಮೊದಲನೆಯದು ಸಮಸಮ. ಎರಡನೆಯದೂ ಅಷ್ಟೇ. ಆರರವರೆಗೂ ಅದೇ ಕಥೆ. ಏಳನೆಯದರಲ್ಲಿ ಎಡ ಹೆಚ್ಚಿತ್ತು. ಸ್ವಲ್ಪವಲ್ಲ, ಕಾಗದದ ಮೇಲೆ ಎಡದ ಗೆರೆ ಬಲದ ಗೆರೆಯ ಎರಡರಷ್ಟು ಎತ್ತರ ನಿಂತಿತ್ತು. ಯಂತ್ರ ನೋಡಿಕೊಳ್ಳುವ ಹೆಂಗಸು ಮೂರು ಸಲ ಹಾಕಿ ನೋಡಿದಳು, ಮೂರು ಸಲವೂ ಹಾಗೇ ಬಂತು. ಎಂಟನೆಯದು ಮತ್ತೆ ಸಮಸಮ. ಮೇಡಂ ಕಾಗದ ಹಿಡಿದು ನಿಂತರು. ಯಾರಿಗಾದರೂ ಹೇಳಬೇಕು ಎನ್ನಿಸಿ, ಕಾಲು ತಾನಾಗಿ ನಾಲ್ಕು ಹೆಜ್ಜೆ ನಡೆದು ಊದಪ್ಪನ ಹಳೇ ಕಾರ್ಖಾನೆಯ ಬೀಗ ಹಾಕಿದ ಬಾಗಿಲ ಮುಂದೆ ನಿಂತಿತು. ಆ ಕ್ಷಣ ಅವರಿಗೆ ತಾವು ಎಷ್ಟು ಒಂಟಿ ಎಂಬುದು ಹಿಂದೆಂದೂ ತಿಳಿಯದಷ್ಟು ತಿಳಿಯಿತು.

ನಿರ್ದೇಶಕ ಕುಣಿದಾಡಲಿಲ್ಲ ಅಷ್ಟೇ. ಏಳು ಬುರುಡೆ ಬಿಟ್ಟು ಒಂದರಲ್ಲಿ ಯಾಕೆ ಎಂದರೆ, ಮೊದಲ ಜೀವವೂ ಎಲ್ಲ ಕೆಸರಲ್ಲಿ ಹುಟ್ಟಲಿಲ್ಲವಲ್ಲ, ಎಲ್ಲೋ ಒಂದರಲ್ಲಿ ತಾನೇ ಎಂದ. ಮಾತು ಚೆನ್ನಾಗಿತ್ತು. ವಾರದೊಳಗೆ ಲೇಖನ ಕಳಿಸೋಣ, ಬೀಳ್ಕೊಡುಗೆಯ ದಿನ ನಾನೇ ಎಲ್ಲರಿಗೂ ಹೇಳುತ್ತೇನೆ ಎಂದ. ಮೇಡಂ ಲೇಖನ ಬರೆಯಲು ಕೂತರು. ಮೂರು ದಿನ ಊಟ ತಿಂಡಿ ರುಚಿಸಿತು, ಆ ವಾರ ಹೊಸ ಸೀರೆಯೊಂದನ್ನು ಕೂಡ ಬೀರುವಿನಿಂದ ತೆಗೆದಿಟ್ಟರು.

ನಾಲ್ಕನೆಯ ದಿನ ಕಾಗದದ ಕೊನೆಯಲ್ಲಿದ್ದ ಎರಡು ಜೋಡಿ ಸಣ್ಣ ಗೆರೆಗಳ ಮೇಲೆ ಅವರ ಕಣ್ಣು ನಿಂತಿತು. ಅವು ಯಾವ ಜೀವಿಯೂ ಮೈ ಕಟ್ಟಲು ಬಳಸದ ಎರಡು ಆಮ್ಲಗಳು, ಬರೀ ರಸಾಯನದಿಂದ ಹುಟ್ಟುವಂಥವು. ಆ ಎರಡರಲ್ಲೂ ಎಡ ಬಲ ಸಮಸಮ ಇದ್ದವು. ಮಣ್ಣು ನಿಜವಾಗಿ ಎಡವನ್ನು ಆರಿಸಿದ್ದರೆ ಇವನ್ನೂ ಆರಿಸಬೇಕಿತ್ತು. ಮಣ್ಣಿಗೆ ಇದು ಜೀವಿಗೆ ಬೇಕಾದದ್ದು, ಇದು ಬೇಡದ್ದು ಎಂದು ಹೇಗೆ ಗೊತ್ತಾಗಬೇಕು? ಜೀವಿಗೆ ಬೇಕಾದವು ಮಾತ್ರ ಎಡ ಎಂದರೆ ಒಳಗೆ ಜೀವಿಯೇ ಹೊಕ್ಕಿರಬೇಕು. ಮೇಡಂ ಎದ್ದು ಹೋಗಿ ಏಳನೆಯ ಬುರುಡೆಯ ಮುರಿದ ಕತ್ತನ್ನು ದೀಪಕ್ಕೆ ಹಿಡಿದರು. ಬೇರೆ ಏಳರ ಕತ್ತು ನೆಟ್ಟಗೆ ನಯವಾಗಿತ್ತು. ಇದರಲ್ಲಿ ತುದಿಯಿಂದ ಎರಡು ಬೆರಳು ಕೆಳಗೆ ಸಣ್ಣದೊಂದು ಉಬ್ಬು. ಕುಸಿದ ಗಾಜನ್ನು ಯಾರೋ ಒಳಗಿಂದ ಊದಿ ನಿಲ್ಲಿಸಿದ್ದರು. ಇಪ್ಪತ್ತೈದು ವರ್ಷ ಎದುರು ಕೂತು ನೋಡಿದ ಊದು ಅದು. ಅವರಿಗೆ ಗುರುತು ಸಿಗದೇ ಇರುತ್ತದೆಯೇ?

ಸಿಲಿಂಡರಿನಿಂದ ಊದಿದ್ದರೂ ಉಬ್ಬು ಬರಬಹುದು ಎಂದು ತಮಗೆ ತಾವೇ ಹೇಳಿಕೊಂಡರು. ಎರಡು ದಿನ ಹೇಳಿಕೊಂಡರು. ಸುಮ್ಮನಿದ್ದರೆ ಕೇಳುವವರು ಯಾರೂ ಇಲ್ಲ, ಲೇಖನ ಹೋಗುತ್ತದೆ, ನೆಲಮಾಳಿಗೆ ಉಳಿಯುತ್ತದೆ, ಬೆನ್ನ ಹಿಂದಿನ ಹೆಸರು ಅಳಿಸಿಹೋಗುತ್ತದೆ. ಸುಮ್ಮನಿರಲು ಆಸೆಯಾಯಿತು, ತುಂಬ ಆಸೆಯಾಯಿತು. ಆ ಆಸೆ ಕಂಡು ಅವರಿಗೇ ಭಯವಾಯಿತು. ಕೊನೆಗೆ ನಿರ್ದೇಶಕನ ಬಳಿ ಹೋಗಿ ಆ ಸಣ್ಣ ಗೆರೆಗಳ ವಿಷಯ ಹೇಳಿದರು. ಅವನು ಬಹಳ ಹೊತ್ತು ಕಾಗದ ನೋಡಿದ.

“ಮೇಡಂ, ಇಷ್ಟು ಸಣ್ಣದನ್ನ ಯಾರು ಕೇಳ್ತಾರೆ?”

“ಯಾರೂ ಕೇಳಲ್ಲ. ನಾನು ಒಬ್ಬರನ್ನ ಕೇಳಬೇಕು. ಕೇಳ್ಕೊಂಡು ಬರ್ತೀನಿ, ಅಲ್ಲೀವರೆಗೆ ಕಳಿಸಬೇಡ,” ಎಂದು ಮೇಡಂ ಎದ್ದರು.

ಊದಪ್ಪ ಮಗಳ ಮನೆಯಲ್ಲಿದ್ದರು. ಎರಡು ಬಸ್ಸು ಬದಲಿಸಿ, ಒಂದೇ ತರಹದ ಮನೆಗಳ ಸಾಲಿನಲ್ಲಿ ನಂಬರು ಹುಡುಕಿ ಮೇಡಂ ಬಾಗಿಲು ತಟ್ಟಿದಾಗ ಬೆಳಿಗ್ಗೆ ಹನ್ನೊಂದಾಗಿತ್ತು. ಮಗಳು ಶಾಲೆಯ ಟೀಚರು, ಅಂದು ರಜೆ. ಅಪ್ಪನಿಗೆ ಈಗ ಕಣ್ಣು ಮಂಜು, ಉಸಿರು ಸಾಲುವುದಿಲ್ಲ, ಮಾತಾಡಿದರೆ ಸುಸ್ತಾಗುತ್ತದೆ ಎಂದು ಮೆಲ್ಲಗೆ ಹೇಳಿ ಒಳಗೆ ಕರೆದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಊದಪ್ಪ ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ಉಬ್ಬುತ್ತಿದ್ದ ಆ ಕೆನ್ನೆಗಳು ಜೋಲು ಬಿದ್ದಿದ್ದವು. ಯಾರು ಬಂದಿದ್ದಾರೆ ಹೇಳಿ ನೋಡೋಣ ಎಂದು ಮಗಳು ಕೇಳುವ ಮೊದಲೇ ಅವರು ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು, ಹನ್ನೊಂದು ಗಂಟೆ ಆಯ್ತೇನೋ ಎಂದರು. ಮೇಡಂಗೆ ಒಂಬತ್ತು ವರ್ಷ ಬರದಿದ್ದದ್ದಕ್ಕೆ ಒಂದು ಮಾತು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಕ್ಷೇಮ ಸಮಾಚಾರ ಮುಗಿಯಿತು. ಮಗಳು ಎರಡು ಲೋಟ ಟೀ ತಂದು ನಡುವಿನ ಸಣ್ಣ ಮೇಜಿನ ಮೇಲಿಟ್ಟು ಪಕ್ಕದಲ್ಲೇ ಕೂತಳು. ಹೇಗೆ ಕೇಳುವುದು ಎಂದು ಬಸ್ಸಿನಲ್ಲಿ ನಾಲ್ಕು ತರಹ ಯೋಚಿಸಿದ್ದ ಮೇಡಂಗೆ ಒಂದೂ ನೆನಪಿಗೆ ಬರಲಿಲ್ಲ. ಅಮ್ಮ ಹೋದ ದಿನ ನಾನು ಎಂಟು ಬುರುಡೆ ಬಿಟ್ಟು ಹೋಗಿದ್ದೆನಲ್ಲ, ಅದರಲ್ಲಿ ಏಳನೆಯದು, ಎಂದಷ್ಟೇ ಅಂದರು. ಊದಪ್ಪನ ಕೈ ಕುರ್ಚಿಯ ತೋಳಿನ ಮೇಲೆ ನಿಂತುಹೋಯಿತು.

“ಒಡೆದ್ರಾ ಅದನ್ನ?” ಎಂದರು.

“ಒಡೆದೆ.”

ಊದಪ್ಪ ಉಸಿರು ಕೂಡಿಸಿಕೊಂಡು, ನಿಂತು ನಿಂತು ಹೇಳಿದರು. “ಕತ್ತು ಕರಗಿ ಒಳಕ್ಕೆ ಕುಸೀತು ಮೇಡಂ. ಇನ್ನೊಂದು ಚೂರಾಗಿದ್ರೆ ತೂತು ಬೀಳ್ತಿತ್ತು. ಸಿಲಿಂಡರಿನ ಕೊಳವೆ ತಗೊಳ್ಳೋಣ ಅಂತ ಕೈ ಹೋಯ್ತು, ಆದ್ರೆ ನಲವತ್ತು ವರ್ಷದ ಬಾಯಿ ಅದು, ಕೈಗಿಂತ ಮೊದ್ಲೇ ಹೋಗ್ಬಿಡ್ತು. ಒಂದೇ ಊದು. ಊದಿದ ಮೇಲೆ ಗೊತ್ತಾಯ್ತು. ಮಣ್ಣು ಅಷ್ಟೇ ಇರೋದು ಅಂತ ನೀವು ಹೇಳಿದ್ರಿ. ತಾಯಿ ತೀರ್ಕೊಂಡ್ರು ಅಂತ ಹೋಗಿದ್ದೀರ, ವಾಪಸು ಬಂದ ಕೂಡ್ಲೇ ಇದೊಂದನ್ನ ಹೇಗೆ ಹೇಳ್ಲಿ? ಇವತ್ತು ಬೇಡ, ನಾಳೆ ಹೇಳೋಣ ಅಂತ ಹೇಳ್ಕೊಂಡೇ ರಿಟೈರಾದೆ. ಹನ್ನೊಂದು ವರ್ಷದಿಂದ ಕೊರೀತಿದೆ. ತಪ್ಪಾಯ್ತು ಮೇಡಂ, ಹೊಟ್ಟೆಗೆ ಹಾಕ್ಕೊಳ್ಳಿ.”

ಮಗಳು ಏನೂ ತಿಳಿಯದೆ ಇಬ್ಬರ ಮುಖ ನೋಡುತ್ತಿದ್ದಳು. ಮೇಡಂ ಕಿಟಕಿಯ ಆಚೆ ನೋಡಿದರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ಮೂವತ್ತನಾಲ್ಕು ವರ್ಷ ಆ ಒಂದು ಸದ್ದಿನಲ್ಲಿ ಪುಸ್‌ಪುಸ್ ಎಂದು ಹೋಗುತ್ತಿರುವ ಹಾಗೆ ಅನ್ನಿಸಿತು. ಕೋಪ ಬರುತ್ತದೆ ಎಂದು ಕಾದರು, ಬರಲಿಲ್ಲ. ಹನ್ನೊಂದು ವರ್ಷ ಈ ಮನುಷ್ಯ ಇದನ್ನು ಹೊತ್ತುಕೊಂಡು ಒಬ್ಬರೇ ಇದ್ದರಲ್ಲ ಎಂಬುದೊಂದೇ ಮನಸ್ಸಿಗೆ ಬಂತು.

“ಹಾಳಾಯ್ತಾ ಎಲ್ಲಾ?” ಎಂದು ಊದಪ್ಪ ಕೇಳಿದರು. ಕಾಣದ ಕಣ್ಣು ಇವರ ದನಿಯ ಕಡೆಗೇ ತಿರುಗಿತ್ತು.

“ಇಲ್ಲ ಊದಪ್ಪನವರೇ. ಅದರಲ್ಲಿ ಏನೂ ಇರ್ಲಿಲ್ಲ. ಮಿಕ್ಕಿದ್ದರ ಹಾಗೇ ಇತ್ತು. ಕತ್ತಿನ ಉಬ್ಬು ಕಂಡು ಸುಮ್ಮನೆ ಕೇಳೋಣ ಅಂತ ಬಂದೆ,” ಎಂದರು ಮೇಡಂ. ದನಿ ಅಲುಗಲಿಲ್ಲ. ಬುರುಡೆ ಮೇಡಂ ಬಿಟ್ಟ ಮೊದಲ ಬುರುಡೆ ಅದು, ಇಷ್ಟು ಸಲೀಸಾಗಿ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

“ಏನೂ ಇರ್ಲಿಲ್ವಾ?”

“ಏನೂ ಇಲ್ಲ. ಬರೀ ನೀರು, ಮಣ್ಣು.”

ಊದಪ್ಪ ಕುರ್ಚಿಗೆ ಒರಗಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವರ ಹೊಟ್ಟೆ ಕುಲುಕಿತು, ನಗುತ್ತಿದ್ದರು. “ಅಂದ್ರೆ ನನ್ನ ಎಂಜಲಿಗೆ ಅಷ್ಟೂ ಶಕ್ತಿ ಇಲ್ಲ ಅನ್ನಿ,” ಎಂದರು. ಹಗುರಾದ ಮುಖದಲ್ಲಿ ಎಲ್ಲೋ ಒಂದು ಎಳೆ ನಿರಾಸೆಯೂ ಇತ್ತು. ನಕ್ಕು ಉಸಿರು ಕಟ್ಟಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಕೈ ಚಾಚಿ ಮೇಜಿನ ಮೇಲೆ ತಡವಿ, ಸಿಕ್ಕಿದ ಲೋಟ ಎತ್ತಿ ಎರಡು ಗುಟುಕು ಕುಡಿದು ಇಟ್ಟರು.

ಅದು ಮೇಡಂ ಲೋಟ. ಮಗಳು ನಾಚಿಕೆಯಿಂದ ಎದ್ದು, ಅಪ್ಪನಿಗೆ ಕಾಣಲ್ಲ ಮೇಡಂ, ಎಂಜಲಾಯ್ತು, ಬೇರೆ ತರ್ತೀನಿ ಎಂದು ಕೈ ಹಾಕಿದಳು. ಮೇಡಂ ಅವಳ ಕೈ ತಡೆದು, ಬೇಡಮ್ಮ ಎಂದರು. ಲೋಟ ಎತ್ತಿ ಉಳಿದದ್ದನ್ನು ಕುಡಿದರು. ಟೀ ಆರಿತ್ತು. ಪೂರ್ತಿ ಕುಡಿದು, ಖಾಲಿ ಲೋಟವನ್ನು ಊದಪ್ಪನ ಲೋಟದ ಪಕ್ಕಕ್ಕಿಟ್ಟು, ಇನ್ನೂ ಒಂದು ಗಂಟೆ ಅಲ್ಲೇ ಕೂತಿದ್ದರು.

ವಾಪಸು ಬರುವಾಗ ಬಸ್ ನಿಲ್ದಾಣದ ಬೆಂಚಿನಿಂದಲೇ ನಿರ್ದೇಶಕನಿಗೆ ಫೋನ್ ಮಾಡಿದರು. ಏಳನೆಯದು ಎಂಜಲಾಗಿದೆ, ಸುಟ್ಟ ಮೇಲೆ ಬಾಯಿ ತಾಗಿದೆ, ಲೇಖನ ಬೇಡ ಎಂದರು. ಜಾಗದ ವಿಷಯ ಇನ್ನು ತನ್ನ ಕೈಯಲ್ಲಿಲ್ಲ ಎಂದು ಅವನು ಹೇಳಿದ, ಗೊತ್ತು ಎಂದು ಇವರು ಹೇಳಿದರು. ದಾಖಲೆಗೆ ಬೇಕು, ಯಾರಿಂದ ಆಯ್ತು ಎಂದು ಬರೆಯಲಿ ಎಂದು ಕೇಳಿದ.

“ಬಿಟ್ಟು ಎದ್ದು ಹೋದವಳು ನಾನು. ನನ್ನ ಹೆಸರೇ ಬರಿ,” ಎಂದರು.

ಫೋನ್ ಇಟ್ಟ ಮೇಲೆ ಅಳು ಬಂತು. ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಎರಡು ಬಸ್ಸು ಬಂದು ಹೋಗುವವರೆಗೆ ಅತ್ತು, ಮೂರನೆಯದನ್ನು ಹತ್ತಿದರು.

ಬೀಳ್ಕೊಡುಗೆಯ ದಿನ ಭಾಷಣಗಳಾದವು. ನಿಷ್ಠೆ, ತಾಳ್ಮೆ ಎಂಬ ಪದಗಳು ಬಹಳ ಸಲ ಬಂದವು. ಫಲಿತಾಂಶ ಎಂಬ ಪದವನ್ನು ಎಲ್ಲರೂ ಜಾಣತನದಿಂದ ತಪ್ಪಿಸಿದರು. ಎಲ್ಲರೂ ಮನೆಗೆ ಹೊರಟ ಮೇಲೆ ಸಂಜೆಯ ಬೆಳಕಿರುವಾಗಲೇ ಮೇಡಂ ಕೊನೆಯ ಸಲ ನೆಲಮಾಳಿಗೆಗೆ ಇಳಿದರು. ಬಳಸಿದ ಬುರುಡೆಗಳನ್ನು ತೊಳೆದು ಸುಟ್ಟು ಕಪಾಟಿಗೆ ಸೇರಿಸಿ ಹೋಗುವುದು ನಿಯಮ, ಆ ಕಪಾಟನ್ನು ಮುಂದೆ ಯಾರೂ ತೆಗೆಯುವುದಿಲ್ಲವೆಂದು ಗೊತ್ತಿದ್ದರೂ. ಟೋಪಿ ಹಾಕಿಕೊಂಡರು, ಬಾಯಿಗೆ ಬಟ್ಟೆ ಕಟ್ಟಿದರು, ಎರಡು ಜೊತೆ ಗವಸು ತೊಟ್ಟರು. ಏಳು ಬುರುಡೆಗಳನ್ನು ಕುಲುಮೆಯೊಳಗೆ ಜೋಡಿಸಿ ಬಾಗಿಲು ಹಾಕಿ ಐನೂರಕ್ಕೆ ತಿರುಗಿಸಿದರು. ಆರು ಗಂಟೆಯ ನಂತರ ಅದು ತಾನಾಗಿ ಆರುತ್ತದೆ. ಆ ಏಳಕ್ಕೂ ಕಟ್ಟಬೇಕಾದ ಚೀಟಿಗಳನ್ನು ಬರೆದು ಕುಲುಮೆಯ ಮೇಲಿಟ್ಟರು.

ಒಂದು ಬುರುಡೆ ಮೇಜಿನ ಮೇಲೆ ಉಳಿದಿತ್ತು. ಅದನ್ನು ಅವರು ತೊಳೆದಿರಲಿಲ್ಲ. ಗವಸು ಬಿಚ್ಚಿ, ಬರಿಗೈಯಲ್ಲಿ ಎತ್ತಿಕೊಂಡು, ಕತ್ತಿನ ಉಬ್ಬಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಹಳೆಯ ಚೀಟಿ ಬಿಚ್ಚಿ, ಸೀಸದ ಕಡ್ಡಿ ತೆಗೆದುಕೊಂಡು ಹೊಸದೊಂದು ಚೀಟಿ ಬರೆದು ಕಟ್ಟಿದರು: ಸುಟ್ಟಿಲ್ಲ. ಬುರುಡೆಯನ್ನು ಹೊಸ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದು ಒಲೆಯ ಪಕ್ಕ ತಮ್ಮ ಒಂಟಿ ಲೋಟದ ಹತ್ತಿರ ಇಟ್ಟರು.

ಭಾನುವಾರ ಬೆಳಿಗ್ಗೆ ತಂಗಿಯ ಫೋನ್ ಬಂತು. ಊಟ, ಮಂಡಿ ನೋವು, ಇನ್ನು ಮನೆಯಲ್ಲಿ ಕೂತು ಏನು ಮಾಡ್ತೀಯ ಎಲ್ಲ ಆಯಿತು. ಕೊನೆಗೆ ಅವಳು ಕೇಳಲೋ ಬೇಡವೋ ಎನ್ನುವ ಹಾಗೆ ಕೇಳಿದಳು.

“ಅಕ್ಕ, ಹುಟ್ಟಲೇ ಇಲ್ಲ ಅಲ್ವಾ?”

“ಇಲ್ಲ ಕಣೇ. ಹುಟ್ಟಲಿಲ್ಲ,” ಎಂದು ಮೇಡಂ ಒಲೆಯ ಪಕ್ಕ ನೋಡಿದರು. “ಯಾರೋ ಒಬ್ಬರು ಬಂದು ಹೋಗಿದ್ರು. ನನಗೆ ಗೊತ್ತಾಗೋಕೆ ಹನ್ನೊಂದು ವರ್ಷ ಬೇಕಾಯ್ತು.”

ತಂಗಿಗೆ ಅರ್ಥವಾಗಲಿಲ್ಲ. ಮೇಡಂ ವಿವರಿಸಲೂ ಇಲ್ಲ. ಗಡಿಯಾರ ನೋಡಿದರೆ ಹತ್ತು ಗಂಟೆ, ಎರಡು ಬಸ್ಸು ಬದಲಿಸಬೇಕಿತ್ತು. ಬಾಗಿಲಿಗೆ ಬೀಗ ಹಾಕಿ ಹೊರಟರು.